ಅತ್ತೆಯ ಅಳತೆ ದಾರಗಳು

ಟರ್ರೆಂದು ಓಡುತ್ತಿದ್ದ ಹೊಲಿಗೆ ಮಷೀನು ತಟ್ಟನೆ ನಿಲ್ಲುತ್ತಿದ್ದ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನಿಂತದ್ದಕ್ಕೂ ಒಂದು ಸದ್ದಿರುತ್ತದೆಯೇ ಎಂದು ಕೇಳಬೇಡಿ, ಇರುತ್ತದೆ. ಮೂಡಲಗಿಯ ನಮ್ಮ ಓಣಿಯಲ್ಲಿ ಮಧ್ಯಾಹ್ನದ ಹೊತ್ತು ಯಾರಾದರೂ ಚಪ್ಪಲಿ ಎಳೆಯುತ್ತ ಬಂದರೆ, ಒಳಕೋಣೆಯಲ್ಲಿ ನನ್ನ ಅತ್ತೆಯ, ಅಂದರೆ ಅಪ್ಪನ ಅಕ್ಕನ, ಅಂಗೈ ಮಷೀನಿನ ಗಾಲಿಯ ಮೇಲೆ ಬೀಳುತ್ತಿತ್ತು. ಸೂಜಿ ಬಟ್ಟೆಯೊಳಗೆ ಅರ್ಧ ಇಳಿದು ಟಕ್ ಎನ್ನುತ್ತಿತ್ತು. ಆ ಚಪ್ಪಲಿ ನಮ್ಮ ಬಾಗಿಲು ದಾಟಿ ಮುಂದೆ ಹೋಗುವತನಕ ಮನೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ.

"ಯಾರ ಹೋದ್ರು ನೋಡು," ಎನ್ನುತ್ತಿದ್ದಳು ಅತ್ತೆ ಮೆಲ್ಲಗೆ.

ನಾನು ಕಿಂಡಿಯಿಂದ ನೋಡಿ ಹೇಳಬೇಕು.

"ತಿರುಗಿ ನೋಡಿದ್ರೇನು?"

ಅದನ್ನೂ ಹೇಳಬೇಕು.

ಒಳಗೆ ನಡೆದದ್ದು ಕಳವಿನ ಕೆಲಸವೇನೂ ಆಗಿರಲಿಲ್ಲ. ಹೊಲಿಯುತ್ತಿದ್ದದ್ದು ಹೆಂಗಸರ ಕುಬಸ, ಅಂದರೆ ರವಿಕೆ. ಆದರೆ ಆ ವರ್ಷಗಳಲ್ಲಿ ಒಂದು ಮನೆಯಿಂದ ದುಡಿಮೆಯ ಸದ್ದು ಬಂದರೆ ಓಣಿಗೆಲ್ಲ ಕಿವಿ ಮೂಡುತ್ತಿದ್ದವು. ಇವರಿಗೆ ಹೇಗೆ ನಡೆಯುತ್ತಿದೆ, ನಮಗೇಕೆ ನಡೆಯುತ್ತಿಲ್ಲ ಎಂಬ ಪ್ರಶ್ನೆ ಎಲ್ಲರ ಹೊಸ್ತಿಲ ಮೇಲೂ ಕೂತಿತ್ತು.

ಅದಕ್ಕೆ ಮೊದಲು ನಾವು ಗೋಕಾಕದಲ್ಲಿದ್ದೆವು. ಅಪ್ಪ ಒಂದು ಹತ್ತಿ ಅಡತಿ ಅಂಗಡಿಯಲ್ಲಿ ಕಾರಕೂನ. ಕಾರಕೂನನ ಮಗಳಿಗೆ ಕಾನ್ವೆಂಟ್ ಎಲ್ಲಿಂದ ಬಂತು ಎಂದರೆ, ಅಂಗಡಿಯ ಸಾಹುಕಾರರು ತಮ್ಮ ಮಗಳನ್ನು ಬೆಳಗಾವಿಗೆ ಕಳಿಸುವಾಗ ಅವಳಿಗೆ ಜೊತೆಯಾಗಲಿ ಎಂದು ನನ್ನನ್ನೂ ಸೇರಿಸಿದ್ದರು. ನಾನು ಅಲ್ಲಿ ಇಂಗ್ಲಿಷ್ ರೆಸಿಟೇಶನ್ ಕಲಿತೆ, ಹೆಮ್ಮಿಂಗ್ ಮತ್ತು ಗರಿಯಂತೆ ಕಾಣುವ ಫೆದರ್‌ಸ್ಟಿಚ್ ಕಲಿತೆ, ಮಂದಿಯನ್ನು ಸಂಶಯದಿಂದ ನೋಡುವುದು ಸಿನ್, ಪಾಪ, ಎಂದೂ ಕಲಿತೆ. ಕೊನೆಯದು ನಮ್ಮ ಸೀಮೆಯಲ್ಲಿ ಹೆಚ್ಚು ದಿನ ಬಾಳಲಿಲ್ಲ.

ಒಂದು ದಿನ ಕ್ಲಾಸಿನಲ್ಲಿ ಸಿಸ್ಟರ್ ಒಬ್ಬರು ಬೋರ್ಡಿನ ಮೇಲೆ ಕೆಳಮುಖವಾಗಿ ಇಳಿಯುವ ಒಂದು ಗೆರೆ ಎಳೆದು, ಇದಕ್ಕೆ ಡಿಪ್ರೆಶನ್ ಎನ್ನುತ್ತಾರೆ, ಇದು ಇಡೀ ವರ್ಲ್ಡಿಗೆ ಬಂದಿದೆ ಎಂದರು. ರಜೆಗೆ ಊರಿಗೆ ಬಂದರೆ ಅದನ್ನೇ "ಪ್ಯಾಟಿ ಬಿತ್ತು" ಎನ್ನುತ್ತಿದ್ದರು. ಎರಡೂ ಒಂದೇ ಎಂದು ನನಗೆ ಅನಿಸಲಿಲ್ಲ. ಸಿಸ್ಟರ್ ಹೇಳಿದ ಡಿಪ್ರೆಶನ್ ಮಳೆ ಬಿಸಿಲಿನ ಹಾಗೆ ತಾನಾಗಿ ಬಂದದ್ದು. ನಮ್ಮವರ ಪ್ಯಾಟಿ ಬಿದ್ದದ್ದರಲ್ಲಿ ಮಾತ್ರ ಯಾರೋ ಹಿಂದಿನಿಂದ ತಳ್ಳಿದ್ದಾರೆ ಎಂಬ ಗುಮಾನಿ ಇತ್ತು. ಯಾರು ತಳ್ಳಿದರು ಎಂಬುದರ ಮೇಲೇ ಗೋಕಾಕದ ಕಟ್ಟೆಗಳು ಆ ಬೇಸಿಗೆ ಕಳೆದವು.

ಸಾಹುಕಾರರು ಅಂಗಡಿ ಮುಚ್ಚಿದರು. ಅವರ ಮಗಳ ಕಾನ್ವೆಂಟ್ ಮುಗಿಯಿತು, ಅವಳ ಜೊತೆ ನನ್ನದೂ. ಅಪ್ಪನ ಕೊನೆಯ ಪಗಾರದ ಬದಲಿಗೆ ಒಂದು ಹೊಲಿಗೆ ಮಷೀನು ಮನೆಗೆ ಬಂತು. ಕೈಯಿಂದ ತಿರುಗಿಸುವಂಥದ್ದು, ಕಪ್ಪು ಮೈ, ಮೇಲೆ ಮಾಸಿದ ಬಂಗಾರದ ಬಳ್ಳಿ. ಅದು ಸಾಹುಕಾರರ ತೀರಿಹೋದ ಸೊಸೆಯದು. ಅವ್ವ ಅದನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳಲಿಲ್ಲ.

"ಸತ್ತಾಕಿ ಮಷೀನು. ಅದಕ್ಕs ಕೊಟ್ಟಾನ. ಇಲ್ಲಂದ್ರ ಅಂವ ಒಂದು ಸೂಜಿ ಬಿಡೋ ಪೈಕಿ ಅಲ್ಲ," ಎಂದಳು.

ಮೂಡಲಗಿಯಲ್ಲಿ ಅವ್ವನ ತವರಿನವರ ಹಳೆಯ ಮನೆಯೊಂದು ಮುಚ್ಚಿಬಿದ್ದಿತ್ತು. ಅಲ್ಲಿಗೆ ಬಂದೆವು. ಮಷೀನು ಅಲ್ಲಿಯೂ ಹೊರಗೇ, ದನದ ಕೊಟ್ಟಿಗೆಯಲ್ಲಿ ಗೋಣಿತಾಟಿನ ಕೆಳಗೆ ಕೂತಿತು.

ಈಗಿನ ಹುಡುಗರು ಸೆಲ್ಫ್ ಎಂಪ್ಲಾಯ್ಮೆಂಟ್ ಎನ್ನುವುದನ್ನು ಕೇಳಿದಾಗ ನನಗೆ ಆ ವರ್ಷದ ಮೂಡಲಗಿ ನೆನಪಾಗುತ್ತದೆ. ಪಗಾರ ಹೋದವರೆಲ್ಲ ತಮ್ಮ ತಮ್ಮ ಬುದ್ಧಿಗೆ ತೋಚಿದ್ದನ್ನು ಮಾರಲು ಕೂತಿದ್ದರು. ಒಬ್ಬ ಶಾಲಾ ಮಾಸ್ತರ ಸೋಡಾ ಮಾಡಿದ. ಅದರಲ್ಲಿ ಏನು ಹಾಕುತ್ತಾನೋ ಎಂದು ಯಾರೂ ಕುಡಿಯಲಿಲ್ಲ. ಇನ್ನೊಬ್ಬ ಕಲ್ಲೋಳಿಯಿಂದ ಬೆಲ್ಲ ತಂದು ಮನೆಮನೆಗೆ ಹೊತ್ತ. ಇಷ್ಟು ಸೋವಿ ಯಾಕೆ ಕೊಡುತ್ತಾನೆ, ಒಳಗೆ ಮರಳಿದ್ದೀತು ಎಂದು ಅದನ್ನು ಒಡೆಸಿ ನೋಡಿ ಬಿಟ್ಟರು. ಅಪ್ಪ ಗೋಕಾಕದ ಬಣ್ಣದ ಕಟ್ಟಿಗೆ ಹಣ್ಣುಕಾಯಿಗಳನ್ನು ಒಂದು ಬುಟ್ಟಿ ತಂದು ಸಂತೆಯಲ್ಲಿ ಹರವಿ ಕೂತ. ಪೇರಲ, ಮಾವು, ಬದನೆಕಾಯಿ. ಕುಲಗೋಡದ ಒಬ್ಬ ಮುದುಕಿ ಪೇರಲವನ್ನು ಎತ್ತಿ, ಮೂಸಿ, ಉಗುರಿನಿಂದ ಕೆರೆದು ನೋಡಿದಳು.

"ಕಟ್ಟಿಗಿದೇನೋ ಯಪ್ಪಾ?"

"ಹೌದ್ರಿ ಅವ್ವಾರ. ಶೋಕಿಗೆ."

"ಹೊಟ್ಟಿಗಿಲ್ಲದ ಹೊತ್ತಿನ್ಯಾಗ ಹಣ್ಣಿನ ಗೊಂಬಿ ತಂದು ಮಾರತಿ. ನೀ ನಮ್ಮನ್ನ ಅಣಕಸಾಕ ಬಂದೀ ಏನು?"

ಅಪ್ಪ ಬುಟ್ಟಿಯನ್ನು ಹಾಗೇ ಮನೆಗೆ ತಂದ. ಆಮೇಲೆ ಅವನು ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ನೋಡುವುದನ್ನೇ ಉದ್ಯೋಗ ಮಾಡಿಕೊಂಡ.

ಅಂಥ ಹೊತ್ತಿನಲ್ಲಿ ಹುಕ್ಕೇರಿಯಿಂದ ಅತ್ತೆ ಬಂದಳು. ಅವಳ ಗಂಡನಿಗೆ ಹುಕ್ಕೇರಿಯಲ್ಲಿ ಬಟ್ಟೆ ಅಂಗಡಿ ಇತ್ತು. ಅವನು ತೀರಿದ ಮೇಲೆ ಮೈದುನರು ಅಂಗಡಿ ಇಟ್ಟುಕೊಂಡು ಇವಳನ್ನು ಬಿಟ್ಟರು. ಮಕ್ಕಳಿರಲಿಲ್ಲ. ಬಂದ ದಿನ ಅವಳ ಗಂಟು ಎಷ್ಟು ದೊಡ್ಡದಿದೆ ಎಂದು ಅವ್ವ ಮೊದಲು ನೋಡಿದಳು. ಗಂಟಿನ ಗಾತ್ರದಿಂದ ಎಷ್ಟು ದಿನ ಇರುತ್ತಾಳೆ ಎಂದು ಅಳೆಯಬಹುದಲ್ಲ. ಅತ್ತೆಗೆ ಅದು ತಿಳಿಯದೆ ಇರಲಿಲ್ಲ.

"ಸಣ್ಣ ಗಂಟ ತಂದೇನಿ ಅಂತ ಖುಷಿ ಆಗಬ್ಯಾಡ ತಂಗಿ. ಇದ್ದದ್ದs ಇಷ್ಟು," ಎಂದಳು.

ನಾಲ್ಕು ದಿನ ಸುಮ್ಮನಿದ್ದು, ಕೊಟ್ಟಿಗೆಯಲ್ಲಿ ಗೋಣಿತಾಟು ಎತ್ತಿ ನೋಡಿದಳು. ಅವಳ ಗಂಡನ ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಸಿಂಪಿಗ ಕೂತು ಹೊಲಿಯುತ್ತಿದ್ದನಂತೆ. ಒಳಗಿನ ಕಿಟಕಿಯಿಂದ ವರ್ಷಗಟ್ಟಲೆ ಅವನ ಕೈಯನ್ನು ನೋಡಿದ್ದಳು. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಮಷೀನು ತಿರುಗಿಸಿ ಕಲಿತಿದ್ದಳು. ಸತ್ತವಳ ಮಷೀನು ಎಂದು ಅವ್ವ ಹೇಳಿದ್ದಕ್ಕೆ ಅವಳು ಒಂದೇ ಮಾತು ಅಂದಳು.

"ಸತ್ತೋರ ಬಂಗಾರ ಹಾಕ್ಕೋತೀರಿ. ಕಬ್ಬಿಣಕ್ಕ ಏನಾಗೇತಿ?"

ಈಗ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಹೊಸ ಕುಬಸ ಹೊಲಿಸಬೇಕಾದರೆ ಒಂದು ಹಳೆಯ ಕುಬಸವನ್ನು ಅಳತೆಗೆಂದು ಸಿಂಪಿಗನಿಗೆ ಕೊಟ್ಟುಬರುವುದು ರೂಢಿ. ಅವನು ತಲೆಮಾರಿನಿಂದ ಬಂದವನು, ಅವನ ಮೇಲೆ ಯಾರಿಗೂ ಸಂಶಯವಿಲ್ಲ. ಆದರೆ ಮೈಮೇಲೆ ಹಾಕಿ ಬಿಟ್ಟ ಬಟ್ಟೆಯನ್ನು ಬೇರೆ ಯಾರ ಕೈಗೂ, ಅದರಲ್ಲೂ ಗಂಡ ಸತ್ತ ಹೆಂಗಸಿನ ಕೈಗೆ, ಯಾರೂ ಕೊಡುವುದಿಲ್ಲ. ಬೆವರು ಹತ್ತಿದ ಬಟ್ಟೆ ಸಿಕ್ಕರೆ ಮಾಟ ಮಾಡಿಸಲು ಬೇರೇನೂ ಬೇಡ ಎಂದು ನಂಬಿದ ಜನ. ಮೊದಲ ವಾರ ಅತ್ತೆ ಓಣಿಯಲ್ಲಿ ಮನೆಮನೆಗೆ ಹೋಗಿ ಕೇಳಿದಳು. ಎಲ್ಲರ ಹಳೆಯ ಕುಬಸಗಳೂ ಅಗಸರ ಹತ್ತಿರವೇ ಇದ್ದವಂತೆ.

ಆಗ ಅವಳು ದಾರ ಹಿಡಿದಳು. ಎರಡು ಮೊಳ ಹತ್ತಿ ನೂಲು ಒಯ್ದು, ಅವರವರ ಮನೆಯಲ್ಲೇ, ಅವರವರ ಮೈಮೇಲೆ ಅಳೆದಳು. ಹೆಗಲಿನಿಂದ ಕೆಳಗೆ ಬಂದಲ್ಲಿ ಒಂದು ಗಂಟು, ಸುತ್ತಳತೆಗೆ ಇನ್ನೊಂದು, ತೋಳಿಗೆ ಜೋಡು ಗಂಟು. "ನಿಮ್ಮ ಮನೀದು ಒಂದು ಎಳಿ ಸೈತ ನಾ ಒಯ್ಯಂಗಿಲ್ಲ. ದಾರಾನೂ ನಂದs," ಎಂದಳು. ಸಿಂಪಿಗನಿಗಿಂತ ಸೋವಿ, ಮೇಲಾಗಿ ಗಂಡಸಿನ ಕಣ್ಣಿಗೆ ಬೀಳದ ಅಳತೆ. ಒಬ್ಬಳು ಹೊಲಿಸಿದಳು, ಅವಳನ್ನು ನೋಡಿ ಇನ್ನೊಬ್ಬಳು. ತೋಳಿನ ಅಂಚಿಗೆ ನಾನು ಕಾನ್ವೆಂಟಿನ ಫೆದರ್‌ಸ್ಟಿಚ್ ಹಾಕುತ್ತಿದ್ದೆ. ಅದಕ್ಕೆ "ಇಂಗ್ರಜಿ ಅಂಚು" ಎಂದು ಹೆಸರು ಬಿತ್ತು. ನಾಗನೂರಿನ ಸಂಬಂಧಿಕರೂ ಕೇಳಿಕೊಂಡು ಬರತೊಡಗಿದರು. ಮನೆಯಲ್ಲಿ ಎರಡು ಹೊತ್ತು ರೊಟ್ಟಿ ಸುಡುವ ವಾಸನೆ ಮತ್ತೆ ಬಂತು. ಅವ್ವ ಅತ್ತೆಯ ಗಂಟಿನ ಮಾತೆತ್ತುವುದನ್ನು ಬಿಟ್ಟಳು.

ನಾನು ಒಮ್ಮೆ ಹೇಳಿದ್ದೆ: "ಅತ್ತಿ, ಬೆಳಗಾವಿಯಿಂದ ಟೇಪ್ ತರಸೋಣು. ನಾ ಎಲ್ಲಾರ ಅಳತಿ ನೋಟ್‌ಬುಕ್ಕಿನ್ಯಾಗ ಬರದಿಡತೇನಿ."

ಅವಳು ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟು ನನ್ನ ಮುಖ ನೋಡಿದಳು. "ಊರ ಹೆಣ್ಮಕ್ಕಳ ಎದಿ ಅಳತಿ ಕಾಗದದ ಮ್ಯಾಲ ಬರೀತಿ? ಇವತ್ತ ನಿಮ್ಮಪ್ಪ ಓದತಾನ, ನಾಳೆ ಊರೆಲ್ಲಾ ಓದತೈತಿ. ದಾರ ಯಾರಿಗೂ ಓದಾಕ ಬರಂಗಿಲ್ಲವ್ವಾ."

ಹಾಗಾಗಿ ಅಳೆದ ದಾರಗಳನ್ನು ಅವಳು ಒಳಕೋಣೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ಯಾರದು ಯಾವುದು ಎಂದು ಗುರುತಿಗೆ, ಅವರ ಕುಬಸದ ಬಟ್ಟೆಯಲ್ಲಿ ಉಳಿದ ಒಂದು ಚಿಂದಿಯನ್ನು ದಾರದ ತುದಿಗೆ ಕಟ್ಟುತ್ತಿದ್ದಳು. ಹಳದಿ ಚಿಂದಿ, ಕೆಂಪು ಚಿಂದಿ, ಚೌಕಡಿ ಚಿಂದಿ. ಹೊಲಿಸಿದವರು ಮಾತ್ರ, ಅಳೆದ ದಾರ ಒಲೆಗೆ ಹೋಗಿರುತ್ತದೆ ಎಂದು ತಿಳಿದಿದ್ದರು. ಅತ್ತೆ ಹಾಗೆ ಹೇಳಿರಲಿಲ್ಲ. ಇಟ್ಟುಕೊಂಡಿದ್ದೇನೆ ಎಂದೂ ಹೇಳಿರಲಿಲ್ಲ.

ಊರ ಸಿಂಪಿಗನಿಗೆ ನಮ್ಮ ಮೇಲೆ ಕಣ್ಣಿತ್ತು. ಅವನು ಒಣಕಲು ಮೈಯ ಮನುಷ್ಯ, ಬಾಯಲ್ಲಿ ಯಾವಾಗಲೂ ದಾರದ ತುಣುಕು. ನಮ್ಮ ಬಾಗಿಲ ಮುಂದೆ ಬಂದಾಗ ಅವನ ನಡಿಗೆ ನಿಧಾನವಾಗುತ್ತಿತ್ತು. ಒಂದು ದಿನ ಸೂಜಿ ಮುರಿಯಿತು, ಒಂದು ಕೊಡಿ ಎಂದು ನೆಪ ಹೇಳಿ ಒಳಗೇ ಬಂದ. ಅತ್ತೆ ಸೂಜಿ ಹುಡುಕುವಾಗ ಒಳಕೋಣೆಯ ಬಾಗಿಲಲ್ಲಿ ನಿಂತು ಗೋಡೆಯನ್ನು ನೋಡಿದ.

"ನನ್ನ ಹೊಟ್ಟಿ ಮ್ಯಾಲ ಕಾಲಿಡಬ್ಯಾಡ್ರಿ ತಂಗಿ," ಎಂದಷ್ಟೇ ಹೇಳಿ ಹೋದ.

"ಅಂವ ಸೂಜಿಗೆ ಬಂದಾಂವಲ್ಲ," ಎಂದಳು ಅವ್ವ. ಆ ಮಾತಿಗೆ ನಾವು ಮೂವರೂ ಒಂದಾಗಿದ್ದೆವು.

ಎದುರುಮನೆ ಎಣ್ಣೆ ವ್ಯಾಪಾರದವರದು. ಆ ಮನೆಯ ಯಜಮಾನಿಯನ್ನು ಓಣಿಯೆಲ್ಲ ಸಾವಕಾರ್ತಿ ಎನ್ನುತ್ತಿತ್ತು. ಅವಳ ಸೊಸೆ, ಮೊದಲೇ ನಮ್ಮಲ್ಲಿ ಒಂದು ಹಳದಿ ಚೌಕಡಿ ಕುಬಸ ಹೊಲಿಸಿದ್ದವಳು, ಚೊಚ್ಚಲ ಬಸುರಿ. ನಮ್ಮಲ್ಲಿ ಬಸುರಿಗೆ ಹಸಿರು ಕುಬಸ ತೊಡಿಸಿ ಆರತಿ ಮಾಡುವ ಶಾಸ್ತ್ರವಿದೆ, ಅದಕ್ಕೆ ಕುಬಸ ಮಾಡುವುದು ಎಂದೇ ಹೆಸರು. ಸೊಸೆಗೆ ಇಂಗ್ರಜಿ ಅಂಚೇ ಬೇಕಂತೆ. ಸಾವಕಾರ್ತಿ ಕುಬಸದ ಬಟ್ಟೆ, ಹಸಿರು ಖಣ, ಹಿಡಿದು ಬಂದು ಕಟ್ಟೆಯ ತುದಿಯಲ್ಲೇ ಕೂತಳು.

"ತಪ್ಪ ತಿಳೀಬ್ಯಾಡವ್ವ. ಇದು ಶಾಸ್ತ್ರದ್ದು. ಇದನ್ನ ನೀ ಮುಟ್ಟಬಾರದು. ಹುಡುಗಿ ಹೊಲೀಲಿ, ಸಾಲಿ ಕಲ್ತಾಳ," ಎಂದಳು.

"ಹುಡುಗೀನ ಹೊಲಿತಾಳ ತಗೋರಿ," ಎಂದಳು ಅತ್ತೆ.

ಆ ಮಾತನ್ನು ಅವಳು ಅಕ್ಷರಶಃ ನಡೆಸಿದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಆತು ನಿಂತು, ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು ಎಂದು ಬಾಯಲ್ಲೇ ಹೇಳಿದಳು. ಕತ್ತರಿ ಹಿಡಿದವಳು ನಾನು, ಗಾಲಿ ತಿರುಗಿಸಿದವಳೂ ನಾನು. ಒಂದು ತೋಳು ಮುಗಿದು ಇನ್ನೊಂದು ಅರ್ಧವಾಗಿತ್ತು. ಆಗ ಹಿತ್ತಲ ಬಾಗಿಲಿಂದ, ಚಪ್ಪಲಿ ಕೈಯಲ್ಲಿ ಹಿಡಿದು, ಸಾವಕಾರ್ತಿ ಒಳಗೆ ಬಂದಳು. ಅತ್ತೆ ಬಟ್ಟೆ ಮುಟ್ಟಿದ್ದಾಳೋ ಇಲ್ಲವೋ ನೋಡಲು ಬಂದದ್ದು ಎಂದು ಬೇರೆ ಹೇಳಬೇಕಾಗಿಲ್ಲ. ಬೆನ್ನ ಹಿಂದಿನ ಕೈಗಳನ್ನು ನೋಡಿ ಅವಳ ಮುಖ ಸಡಿಲವಾಯಿತು. ಹೊರಡಲು ತಿರುಗಿದಳು. ತಿರುಗಿದವಳು ಗೋಡೆ ಕಂಡಳು.

"ಇವೇನವ್ವ?"

"ಅಳತೀರಿ."

"ಯಾರವು?"

"ಹೊಲಿಸಿದೋರವು. ಎಲ್ಲಾರವೂ."

ಅವಳು ಒಂದೊಂದೇ ಚಿಂದಿಯನ್ನು ನೋಡುತ್ತ ಹೋಗಿ ಹಳದಿ ಚೌಕಡಿಯ ಮುಂದೆ ನಿಂತಳು. ಮುಟ್ಟಲಿಲ್ಲ.

"ಇದು ನಮ್ಮ ಸೊಸೀದು."

"ಹೌದ್ರಿ."

"ಇಷ್ಟು ಗಂಟ ಯಾಕ?"

"ಇದು ಹೆಗಲು, ಇದು ಸುತ್ತು, ಇದು ತೋಳು."

"ಹೊಲಿಗಿ ಆದ ಮ್ಯಾಲ ಇವನ್ನ ಸುಡತೀ ಅಂತ ತಿಳದಿದ್ದೆ."

"ಸುಡೋದ್ಯಾಕ್ರಿ, ಮತ್ತ ಬೇಕಾಗತಾವಲ್ಲ."

"ಮತ್ತ ಬೇಕಾಗತಾವ," ಎಂದು ಸಾವಕಾರ್ತಿ ಆ ಮಾತನ್ನೇ ತನಗೆ ತಾನು ಹೇಳಿಕೊಂಡಳು. ಅರ್ಧ ಹೊಲಿದ ಹಸಿರು ಖಣವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ, ಹಿತ್ತಲ ಬಾಗಿಲಿಂದಲೇ ಹೋದಳು.

ಹೆರಿಗೆ ನೋವು ಬಂದಾಗ ಪೆಟ್ಟಿಗೆಯ ಕೀಲಿ ತೆಗೆಯುವ, ತಲೆಗಂಟು ಬಿಚ್ಚುವ ಊರು ನಮ್ಮದು. ಗಂಟು ಎಂದರೆ ತಡೆ. ಅಂಥಲ್ಲಿ ಒಬ್ಬ ವಿಧವೆಯ ಒಳಕೋಣೆಯ ಗೋಡೆಯ ಮೇಲೆ, ಊರ ಮುತ್ತೈದೆಯರ ಬಟ್ಟೆಯ ಚಿಂದಿ ಕಟ್ಟಿದ, ಗಂಟು ಬಿಗಿದ ದಾರಗಳು. ಸೊಸೆಗೆ ಹದಿನೈದು ದಿನದಿಂದ ಕಾಲು ಬಾತಿದ್ದವು. ಸಾವಕಾರ್ತಿಯ ಜಾಗದಲ್ಲಿ ನಿಂತು ನೋಡಿದರೆ ಎವಿಡೆನ್ಸ್ ಪೂರಾ ಇತ್ತು, ಏನೂ ಬಾಕಿ ಇರಲಿಲ್ಲ. ಸಿಸ್ಟರ್ ಕಲಿಸಿದ ಬೆನಿಫಿಟ್ ಆಫ್ ಡೌಟ್ ಎಂಬುದು ನಮ್ಮ ಓಣಿಯಲ್ಲಿ ನಡೆಯುವ ನಾಣ್ಯವಾಗಿರಲಿಲ್ಲ. ಡೌಟು ಇದ್ದರೆ ಅದರ ಬೆನಿಫಿಟ್ ಡೌಟು ಪಟ್ಟವರಿಗೇ.

ಸಂಜೆಯಿಂದ ಒಬ್ಬೊಬ್ಬರೇ ಬಂದರು. ಒಬ್ಬಳು ಬೆಂಕಿ ಕೇಳಲು ಬಂದಳು. ಅವಳ ಮನೆಯ ಒಲೆ ಉರಿಯುತ್ತಿದ್ದದ್ದು ನಮ್ಮ ಕಿಂಡಿಯಿಂದ ಕಾಣುತ್ತಿತ್ತು. ಇನ್ನೊಬ್ಬಳು ಬಂದು ಅವ್ವನ ಆರೋಗ್ಯ ವಿಚಾರಿಸಿದಳು, ಕಣ್ಣು ಒಳಕೋಣೆಯ ಮೇಲೆ. ಯಾರೂ ದಾರದ ಹೆಸರೆತ್ತಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ನಮ್ಮ ಅಂಗಳದಲ್ಲಿ ನಿಂತಿದ್ದರು. ಮುಂದೆ ಸಾವಕಾರ್ತಿ, ಅವಳ ಪಕ್ಕದಲ್ಲಿ ಬಸುರಿ ಸೊಸೆ.

"ನಾವು ಜಗಳಕ್ಕ ಬಂದಿಲ್ಲ. ಗಂಟ ಬಿಚ್ಚಿಬಿಡು, ಅಷ್ಟs," ಎಂದಳು ಸಾವಕಾರ್ತಿ.

"ಬಿಚ್ಚಿಬಿಡ ಅಕ್ಕಾ. ಊರಾಗ ಇರಬೇಕಲ್ಲ," ಎಂದ ಅಪ್ಪ ಕಟ್ಟೆಯ ಮೇಲಿಂದ.

"ಬಿಚ್ಚಿದ್ರ ಮತ್ತ ಅಳೀಬೇಕ ತಮ್ಮಾ. ನಾಳೆ ಇವರೊಳಗ ಯಾರ ನನಗ ಮೈ ಮುಟ್ಟಾಕ ಬಿಡತಾರ ಹೇಳು. ಇವು ಹೋದ್ರ ನನ್ನ ಉದ್ಯೋಗ ಹೋತು," ಎಂದಳು ಅತ್ತೆ.

"ಮದಲ ನಂದು ಬಿಚ್ಚವ್ವ. ನಿನ್ನಿಯಿಂದ ಸೊಂಟ ಹಿಡದೈತಿ," ಎಂದಳು ಹಿಂದಿನಿಂದ ಒಬ್ಬಳು.

"ನಿನ್ನ ಸೊಂಟ ಲಗ್ನ ಆದಾಗಿಂದ ಹಿಡದೈತಿ ಬಿಡ," ಎಂದಳು ಅವಳ ನೆಗೆಣ್ಣಿ, ಮೈದುನನ ಹೆಂಡತಿ. ಎರಡು ಮೂರು ಜನ ನಕ್ಕು, ಸಾವಕಾರ್ತಿಯ ಮುಖ ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು.

ಅತ್ತೆ ಒಳಗೆ ಹೋಗಿ ದಾರಗಳನ್ನೆಲ್ಲ ಒಂದು ಮೊರದಲ್ಲಿ ಹಾಕಿಕೊಂಡು ಬಂದು ಅಂಗಳದ ನಡುವೆ ಇಟ್ಟಳು. "ಯಾರ ದಾರ ಅವರs ತಗೋರಿ. ಬಿಚ್ಚರಿ, ಸುಡರಿ, ಪೆಟಿಗ್ಯಾಗ ಇಟ್ಕೋರಿ. ನಾ ಬಿಚ್ಚಂಗಿಲ್ಲ."

ಯಾರೂ ಬಾಗಲಿಲ್ಲ. ಬೇರೆಯವರು ಕಟ್ಟಿದ ಗಂಟನ್ನು ತಾನು ಬಿಚ್ಚಿದರೆ ಅದರೊಳಗಿದ್ದದ್ದು ತನ್ನ ಮೈಮೇಲೆ ಬಂದೀತು ಎಂಬ ಹೆದರಿಕೆ. ಮೊರದ ಸುತ್ತ ಅಷ್ಟು ಹೆಂಗಸರು, ಮೊರದಲ್ಲಿ ಒಂದು ಹಿಡಿ ನೂಲು. ಕೊನೆಗೆ ಬಾಗಿದವಳು ಆ ಸೊಸೆ. ಬಾತ ಕಾಲಿನ ಮೇಲೆ ಕಷ್ಟಪಟ್ಟು ಕುಕ್ಕರಿಸಿ, ಹಳದಿ ಚೌಕಡಿಯ ದಾರ ಎತ್ತಿ, ತನ್ನ ತೋಳಿಗೆ ಹಿಡಿದು ನೋಡಿದಳು. ಜೋಡು ಗಂಟು ಅವಳ ಮೊಣಕೈಯ ಮೇಲೆ, ಕುಬಸದ ಅಂಚು ಬರುವಲ್ಲೇ ಬಂದು ನಿಂತಿತು.

"ನೋಡ್ರಿ. ನನ್ನ ತೋಳs ಐತಿ ಇದು. ಅಳತೀನ," ಎಂದಳು ಸಾವಕಾರ್ತಿಗೆ.

ಅಂಗಳ ಒಂದು ಗಳಿಗೆ ಹಗುರಾಯಿತು. ಒಬ್ಬಿಬ್ಬರು ಮೊರದ ಕಡೆ ಕೈ ಚಾಚಿದರು. ಆಗ ಸಾವಕಾರ್ತಿ ಬಹಳ ಶಾಂತವಾಗಿ ಹೇಳಿದಳು:

"ಮಾಟಕ್ಕೂ ಅಳತಿ ಬೇಕಾಗತೈತಿ ಮಗಳ."

ಚಾಚಿದ ಕೈಗಳು ಸೆರಗಿನೊಳಗೆ ಹೋದವು. ಸೊಸೆ ಮಾತ್ರ ತನ್ನ ದಾರವನ್ನು ಮೊರಕ್ಕೆ ವಾಪಸು ಹಾಕಲಿಲ್ಲ. ಅದನ್ನು ಬಿಚ್ಚಿದಳೋ, ಹಾಗೇ ಇಟ್ಟುಕೊಂಡಳೋ ನಮಗೆ ತಿಳಿಯಲಿಲ್ಲ. ಅವಳಿಗೆ ಸುಖವಾಗಿ ಹೆರಿಗೆಯಾಯಿತು. ಗಂಟು ಬಿಚ್ಚಿದ್ದಕ್ಕೇ ಆಯಿತು ಎಂದರು.

ಉಳಿದ ದಾರಗಳು ಮೊರದಲ್ಲೇ ಉಳಿದವು, ಆಮೇಲೆ ಹೊಲಿಸಲು ಯಾರೂ ಬರಲಿಲ್ಲ. ಹೊಲಿದಿಟ್ಟ ಕುಬಸಗಳನ್ನು ಕೂಡ ಬಿಟ್ಟುಬಿಟ್ಟರು. ಅತ್ತೆ ದಿನವೂ ಮಷೀನಿಗೆ ಎಣ್ಣೆ ಬಿಟ್ಟು ಒರೆಸಿ ಕೂಡುತ್ತಿದ್ದಳು. ಅವ್ವ ಮತ್ತೆ ರೊಟ್ಟಿಯ ಮೇಲೆ ಕಣ್ಣಿಡತೊಡಗಿದಳು. ಅಪ್ಪ ಮಷೀನು ಮಾರುವ ಮಾತೆತ್ತಿದ. ಕೊಳ್ಳುವವನು ಬೇರೆ ಯಾರು, ಸಿಂಪಿಗ.

ಗೋಡೆಯ ವಿಷಯ ಸಾವಕಾರ್ತಿಯ ಕಿವಿಗೆ ಮೊದಲೇ ಹಾಕಿದವನು ಅವನೇ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿತ್ತು. ಮೋಟಿವ್ ಇತ್ತು. ಸೂಜಿಯ ನೆಪದಲ್ಲಿ ಒಳಗೆ ಬಂದು ನೋಡಿದ್ದೂ ಇತ್ತು. ಇಲ್ಲದಿದ್ದರೆ ಸಾವಕಾರ್ತಿ ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲಿಂದ ಯಾಕೆ ಬರಬೇಕಿತ್ತು?

ಅವನು ಬಂದು ಮಷೀನಿನ ಗಾಲಿಯನ್ನು ಒಂದು ಸುತ್ತು ತಿರುಗಿಸಿದ. ಯಾರೂ ಒಯ್ಯದೆ ಬಿಟ್ಟ ಒಂದು ಕುಬಸವನ್ನು ಎತ್ತಿ, ಒಳಮಗ್ಗುಲು ತಿರುವಿ, ಹೊಲಿಗೆಯನ್ನು ಉಗುರಿನಿಂದ ಸವರಿದ.

"ಈ ಮಷೀನ ನನಗ ಬ್ಯಾಡ್ರಿ," ಎಂದ ಅಪ್ಪನಿಗೆ.

"ಯಾಕೋ? ಚಲೋ ಐತಲ್ಲ."

"ಚಲೋ ಐತಿ. ನಂದು ಕಾಲಿಲೆ ತುಳಿಯೋದೈತಿ, ಕೈ ಮಷೀನ ನನಗ ಒಗ್ಗಂಗಿಲ್ಲ." ಆಮೇಲೆ ಅತ್ತೆಯ ಕಡೆ ನೋಡದೆ, ಕುಬಸದ ಜೊತೆಗೇ ಮಾತಾಡಿದಂತೆ ಹೇಳಿದ: "ಹುಕ್ಕೇರ್ಯಾಗ ಹೆಣ್ಮಕ್ಕಳ ಕುಬಸ ಹೊಲ್ಯಾಕ ಹೆಣ್ಮಗಳ ಇಲ್ಲ. ಅಲ್ಲಿ ನಮ್ಮ ಅಕ್ಕನ ಮನಿ ಕಟ್ಟಿ ಖಾಲಿ ಐತಿ, ರಸ್ತಾದ ಮ್ಯಾಲs ಐತಿ. ನಿಮ್ಮದು ತಪ್ಪಾಗಿದ್ದು ಒಳಗ ಕೂತು ಹೊಲದದ್ದು. ರಸ್ತಾದ ಮ್ಯಾಲ ಕೂತು ಹೊಲದೋರಿಗೆ ಯಾರೂ ಏನೂ ಅನ್ನಂಗಿಲ್ಲ ತಂಗಿ. ನಮ್ಮ ಅಪ್ಪ, ಮುತ್ಯಾ ಎಲ್ಲಾ ರಸ್ತಾದಾಗs ಕೂತಾರ."

ಅವನು ಹೋದ ಮೇಲೆ ಅವ್ವ, "ಕೆಲಸ ಕೆಡಿಸಿದ, ಈಗ ಊರ ಬಿಡಸಾಕ ಬಂದಾನ," ಎಂದಳು. ಅಪ್ಪ, "ಅವನ ಅಕ್ಕ ಯಾರೋ, ಎಂಥಾಕಿಯೋ," ಎಂದ. ಸಿಂಪಿಗನ ಮನಸ್ಸಿನಲ್ಲಿ ಕರುಣೆ ಇತ್ತೋ, ತನ್ನ ಊರಿನಿಂದ ಇವಳನ್ನು ಸಾಗಹಾಕುವ ಲೆಕ್ಕ ಇತ್ತೋ, ಇಷ್ಟು ವರ್ಷ ಯೋಚಿಸಿದರೂ ನನಗೆ ತೀರ್ಮಾನವಾಗಿಲ್ಲ. ಕೆಲವು ದಿನ ಅವನನ್ನು ಜಂಟಲ್‌ಮನ್ ಎಂದುಕೊಳ್ಳುತ್ತೇನೆ. ಕೆಲವು ದಿನ ಆ ಸೂಜಿ ನೆನಪಾಗುತ್ತದೆ.

ಅತ್ತೆ ಅವನನ್ನು ನಂಬಿದಳೋ ಇಲ್ಲವೋ ಹೇಳಲಿಲ್ಲ. ತನ್ನನ್ನು ಬಿಟ್ಟ ಮೈದುನರ ಊರಾದರೂ ಹುಕ್ಕೇರಿಗೇ ಹೋಗುವುದೆಂದು, ಮರುದಿನ ಆ ದಾರಿಯಲ್ಲೇ ಗೋಕಾಕದ ಕಡೆ ಹೊರಟ ಒಂದು ಚಕ್ಕಡಿಯಲ್ಲಿ ತನ್ನ ಸಣ್ಣ ಗಂಟು ಇಟ್ಟಳು, ಪಕ್ಕದಲ್ಲಿ ಗೋಣಿತಾಟು ಸುತ್ತಿದ ಮಷೀನು ಇಟ್ಟಳು. ಅಪ್ಪ ಚಕ್ಕಡಿಯ ಮೂಕಿ ಹಿಡಿದು ನಿಂತ.

"ಅಕ್ಕಾ, ಅದು ನನ್ನ ಪಗಾರ."

"ನಿಂದs ತಮ್ಮಾ. ಅಲ್ಲ ಅನ್ನಂಗಿಲ್ಲ. ಸುಮ್ಮ ಇಟ್ಟಿದ್ರ ಅದು ಬರೇ ಕಬ್ಬಿಣ. ಬೇಕಾದಾಗ ಬಂದು ಒಯ್ಯಿ."

ಅಪ್ಪ ಮೂಕಿ ಬಿಟ್ಟ. ಬೇಕಾದಾಗ ಎಂಬ ಮಾತು ಅವನ ಹತ್ತಿರವೇ ಉಳಿಯಿತು.

ನಮ್ಮ ದಿನಗಳು ನಿಧಾನವಾಗಿ ಸರಿಹೋದವು. ಹತ್ತಿಗೆ ಮತ್ತೆ ಬೆಲೆ ಬಂತು, ಅಪ್ಪನಿಗೆ ಗೋಕಾಕದಲ್ಲಿ ಬೇರೆ ಕೆಲಸ ಸಿಕ್ಕಿತು, ನನ್ನ ಲಗ್ನವಾಗಿ ಬೆಳಗಾವಿಗೆ ಹೋದೆ. ಕಾನ್ವೆಂಟಿನ ಗೇಟಿನ ಮುಂದೆ ದಿನವೂ ಹಾದುಹೋಗುತ್ತಿದ್ದೆ, ಒಳಗೆ ಮಾತ್ರ ಹೋಗಲಿಲ್ಲ. ಅತ್ತೆಯ ಸುದ್ದಿ ಹುಕ್ಕೇರಿಯಿಂದ ಬಂದವರ ಬಾಯಿಂದ ಬರುತ್ತಿತ್ತು. ಚೆನ್ನಾಗಿದ್ದಾಳೆ ಎನ್ನುವುದನ್ನೂ ಅವರು ಒಂದು ಥರಾ ಹೇಳುತ್ತಿದ್ದರು, ಅದರ ಹಿಂದೆ ಇನ್ನೇನೋ ಇದೆ ಎಂಬಂತೆ.

ದೊಡ್ಡ ಯುದ್ಧ ನಡೆದಿದ್ದ ವರ್ಷಗಳಲ್ಲಿ ನಮ್ಮ ಯಜಮಾನರಿಗೆ ಹುಕ್ಕೇರಿಯಲ್ಲಿ ಏನೋ ಕಚೇರಿ ಕೆಲಸ ಬಿತ್ತು. ನಾನೂ ಜೊತೆಗೆ ಹೋದೆ. ಹೊರಡುವ ಮೊದಲು ಗೋಕಾಕಕ್ಕೆ ಹೋಗಿದ್ದಾಗ ಅಪ್ಪ, "ಮಷೀನ ಹೆಂಗೈತಿ ನೋಡಿ ಬಾ," ಎಂದಿದ್ದ, ಅಷ್ಟೇ.

ರಸ್ತೆಯ ಮೇಲಿನ ಕಟ್ಟೆ ಹುಡುಕುವುದು ಕಷ್ಟವಾಗಲಿಲ್ಲ. ಮೂರು ನಾಲ್ಕು ಹೆಂಗಸರು ಕೂತಿದ್ದರು, ಒಬ್ಬೊಬ್ಬರೂ ಎಲೆಅಡಿಕೆಯ ಸಂಚಿಯಿಂದ ತಮ್ಮ ತಮ್ಮ ದಾರ ತೆಗೆದು ಕೊಡುತ್ತಿದ್ದರು, ಅಳತೆ ಮುಗಿದೊಡನೆ ವಾಪಸು ಇಟ್ಟುಕೊಳ್ಳುತ್ತಿದ್ದರು. ಅತ್ತೆಯ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು. ನನ್ನ ಹಿಂದೆ ದೂರದಲ್ಲಿ ಕೋಟು ಹಾಕಿ ನಿಂತಿದ್ದ ನಮ್ಮ ಯಜಮಾನರನ್ನೂ ನೋಡಿದಳು.

"ಬಾರವ್ವಾ. ಅವರ್ಯಾರು? ಕಚೇರಿಯವ್ರೇನು?"

"ನಮ್ಮನಿಯವ್ರು ಅತ್ತಿ."

"ಯಾರ ಕಳಿಸ್ಯಾರ ನಿನ್ನ?"

"ಯಾರೂ ಕಳಿಸಿಲ್ಲ. ನೋಡಾಕ ಬಂದೇನಿ."

"ನಿಮ್ಮಪ್ಪ ಏನರ ಅಂದಾನೇನು?"

ಅವಳಿಗೆ ಸುಳ್ಳು ಹೇಳಲು ನನಗೆ ಬರಲಿಲ್ಲ. "ಮಷೀನ ಹೆಂಗೈತಿ ಅಂತ ಕೇಳಿದ್ದು ಖರೆ. ನಾ ಅದಕ್ಕ ಬಂದಿಲ್ಲ, ಅದೂ ಖರೆ."

ಅವಳು ಸ್ವಲ್ಪ ಹೊತ್ತು ನನ್ನ ಮುಖದ ಮೇಲೆ ಏನೋ ಹುಡುಕಿದಳು. "ಎರಡೂ ಖರೆ ಇರಬಹುದು," ಎಂದಳು.

ಆಮೇಲೆ ಒಳಗೆ ಕರೆದು ಬೆಲ್ಲ, ಶೇಂಗಾ ಕೊಟ್ಟಳು. ಯಜಮಾನರಿಗೆ ಚಹಾ ಮಾಡಿಸಿದಳು. ಅವರು ಸೌಜನ್ಯಕ್ಕೆಂದು, ಮಷೀನು ಯಾವ ಕಾಲದ್ದು, ಈಗೇನು ಬೆಲೆ ಬಾಳೀತು ಎಂದು ಕೇಳಿಬಿಟ್ಟರು. ಅತ್ತೆ, "ಹಳೇದ್ರಿ, ಯಾರಿಗೂ ಉಪಯೋಗಿಲ್ಲ," ಎಂದು ಅದರ ಮೇಲೆ ಒಂದು ಬಟ್ಟೆ ಎಳೆದಳು. ನಾನು ಮಾತು ಬೇರೆ ಕಡೆ ತಿರುಗಿಸಿದೆ.

ಸಂಜೆ ನಾಲ್ಕರ ಹೊತ್ತಿಗೆ ಬೆಳಗಾವಿಯ ಮೋಟಾರಿಗೆ ಹೊರಟೆವು. ಬೇಡ ಎಂದರೂ ಅತ್ತೆ ಕೆಲಸ ಬಿಟ್ಟು, ಸೆರಗು ಹೊದ್ದು, ಸ್ಟ್ಯಾಂಡಿನತನಕ ಬಂದಳು. ನನ್ನ ಕೈಗೆ ಶೇಂಗಾದ ಪೊಟ್ಟಣ ಕೊಟ್ಟಳು. ಕಿಟಕಿಯ ಹತ್ತಿರ ನಿಂತು ನನ್ನ ಕುಬಸದ ಹೆಗಲನ್ನು ಎರಡು ಬೆರಳಲ್ಲಿ ಎಳೆದು, "ಯಾರ ಹೊಲದಾರ, ಇಲ್ಲೆ ಜಗ್ಗತೈತಿ," ಎಂದಳು. ಮೋಟಾರು ಹೊರಡಲು ತಡವಾಯಿತು. ಹೋಗು ಅತ್ತಿ, ಹೆಂಗಸರು ಕಾಯುತ್ತಾರೆ ಎಂದರೂ ಹೋಗಲಿಲ್ಲ. ಪ್ರೀತಿಗೆ ನಿಂತಳೋ, ನಾವು ಖರೆಯಾಗಿಯೂ ಊರು ಬಿಡುತ್ತೇವೋ ಇಲ್ಲವೋ ಎಂದು ನೋಡಲು ನಿಂತಳೋ, ನನಗೆ ತಿಳಿಯಲಿಲ್ಲ. ಕೇಳಿದ್ದರೆ ಎರಡೂ ಎನ್ನುತ್ತಿದ್ದಳೇನೋ. ಮೋಟಾರು ಧೂಳೆಬ್ಬಿಸಿ ತಿರುವು ತೆಗೆದುಕೊಂಡಾಗ ನಾನು ಹಿಂದಿನ ಕಿಟಕಿಯಿಂದ ನೋಡಿದೆ. ಅವಳು ಅಲ್ಲೇ ನಿಂತಿದ್ದಳು, ಕೈ ಹಣೆಗೆ ಅಡ್ಡ ಹಿಡಿದು, ನಮ್ಮ ಕಡೆಯೇ ಕಣ್ಣಿಟ್ಟು. ಅದಾದ ಮೇಲೆ ನಾನು ಅವಳನ್ನು ನೋಡಲಿಲ್ಲ.